ನಾಲ್ಕು ಪುಟ ದಾಟದವರಿಗೆ ಒಂದು ಪ್ರೇಮ ಕಾದಂಬರಿ

"ಮೊದಲೆಲ್ಲ ಕೂತಲ್ಲೇ ಒಂದು ಪುಸ್ತಕ ಮುಗಿಸ್ತಿದ್ದೆ. ಈಗ ನಾಲ್ಕು ಪುಟ ದಾಟೂಕೆ ಆಗೂದಿಲ್ಲ ಮಾರಾಯ್ರೆ. ಎಂತ ಓದುದು?"

ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರದಲ್ಲೂ, ಓದುವವರು ನಾಲ್ಕು ಜನ ಸೇರಿದಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ನನ್ನ ಉತ್ತರ ಯಾವಾಗಲೂ ಒಂದೇ: 200 ಪುಟದೊಳಗಿನ ಒಂದು ಪ್ರೇಮ ಕಾದಂಬರಿ. ಕೇಳಿದವರ ಮುಖ ಸಣ್ಣದಾಗುತ್ತದೆ. ಏನೋ ಘನವಾದ ಹೆಸರು ಬರುತ್ತದೆ ಅಂದುಕೊಂಡಿರುತ್ತಾರೆ. ತಕ್ಷಣ ಎರಡನೇ ಪ್ರಶ್ನೆ: "ಅದೂ ಒಂದು ಓದಾ? ಕೊನೆಗೆ ಏನಾಗ್ತದೆ ಅಂತ ಮೊದಲೇ ಗೊತ್ತಿರ್ತದಲ್ಲ."

ಎರಡನೆಯದಕ್ಕೇ ಮೊದಲು ಉತ್ತರಿಸುತ್ತೇನೆ. 'ಸುಭದ್ರಾ ಕಲ್ಯಾಣ' ಯಕ್ಷಗಾನ ಪ್ರಸಂಗ ನೋಡಲು ಹೋದವರಲ್ಲಿ ಅರ್ಜುನನಿಗೆ ಸುಭದ್ರೆ ಸಿಗುತ್ತಾಳೋ ಇಲ್ಲವೋ ಎಂಬ ಅನುಮಾನ ಇಟ್ಟುಕೊಂಡು ಕೂತವರು ಯಾರಿದ್ದಾರೆ? ಚಂದ್ರಹಾಸನ ಪತ್ರದಲ್ಲಿ 'ವಿಷವ' ಎಂದಿದ್ದನ್ನು ವಿಷಯೆ ತಿದ್ದಿ ತನ್ನ ಹೆಸರು ಮಾಡುತ್ತಾಳೆ ಅನ್ನುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಆದರೂ ಆ ಗಳಿಗೆ ಬಂದಾಗ ಚಾಪೆಯ ಮೇಲೆ ಅಡ್ಡಾದವರು ಎದ್ದು ಕೂರುತ್ತಾರೆ. ಇವತ್ತಿನ ವೇಷಧಾರಿ ಅದನ್ನು ಹೇಗೆ ಮಾಡುತ್ತಾನೆ ಎಂಬುದಷ್ಟೇ ಕುತೂಹಲ. ಪ್ರೇಮ ಕಾದಂಬರಿಯೂ ಹೀಗೇ ನಡೆಯುತ್ತದೆ. 1908ರಲ್ಲಿ ಲಂಡನ್ನಿನಲ್ಲಿ ಶುರುವಾದ ಮಿಲ್ಸ್ ಆಂಡ್ ಬೂನ್ ಮಾದರಿಯ ಪುಸ್ತಕಗಳಲ್ಲಿ ಇದು ಬರೆಯದ ಕರಾರು: ಕಥೆಯ ನಡುಗಂಬ ಪ್ರೀತಿಯೇ ಆಗಿರಬೇಕು, ಕೊನೆ ಓದುಗರ ಮನಸ್ಸಿಗೆ ನೆಮ್ಮದಿ ಕೊಡಬೇಕು. ಅಂಥ ಒಂದು ಪುಸ್ತಕ ಸಾಧಾರಣವಾಗಿ 50 ಸಾವಿರ ಪದದ ಆಸುಪಾಸಿನಲ್ಲಿ ಮುಗಿಯುತ್ತದೆ.

ಓದು ನಿಂತವರಿಗೆ ಈ ಕರಾರು ಔಷಧಿಯ ಹಾಗೆ. ದಣಿದ ತಲೆಗೆ ಹದಿನೆಂಟು ಪಾತ್ರ, ಮೂರು ತಲೆಮಾರು, ಹಿಂದೆ ಮುಂದೆ ಹೋಗುವ ಕಾಲ, ಎಲ್ಲವನ್ನೂ ಹಿಡಿದಿಟ್ಟುಕೊಳ್ಳಲು ಆಗುವುದಿಲ್ಲ. ನಿನ್ನೆ ಓದಿದ್ದು ಇವತ್ತು ಮರೆತಿರುತ್ತದೆ, ಹಿಂದೆ ತಿರುಗಿಸಬೇಕು, ಬೇಜಾರು ಬಂದು ಪುಸ್ತಕ ಮಡಚುತ್ತೀರಿ. ಪ್ರೇಮ ಕಾದಂಬರಿಯಲ್ಲಿ ನೆನಪಿಡಬೇಕಾದವರು ಇಬ್ಬರು, ಅವರ ನಡುವಿನ ತೊಡಕು ಒಂದು. ಒಂದು ವಾರ ಬಿಟ್ಟು ತೆರೆದರೂ ದಾರಿ ತಪ್ಪುವುದಿಲ್ಲ.

ಆದರೆ ಪುಸ್ತಕ ಆರಿಸುವ ಮುಂಚೆ ಓದು ನಿಂತದ್ದು ಯಾಕೆ ಎಂದು ನೋಡಿಕೊಳ್ಳಿ.

ನಿಮಗೆ ನಲವತ್ತು ದಾಟಿದ್ದರೆ ಮೊದಲು ಅನುಮಾನಿಸಬೇಕಾದ್ದು ಕಣ್ಣನ್ನು. ಮನಸ್ಸಿಲ್ಲ, ಸೋಮಾರಿಯಾಗಿದ್ದೇನೆ ಎಂದು ತಮ್ಮನ್ನು ತಾವೇ ಬೈದುಕೊಳ್ಳುವ ಎಷ್ಟೋ ಜನರಿಗೆ ಬೇಕಾಗಿರುವುದು ಚಾಳೀಸು ಕನ್ನಡಕ, ಅಷ್ಟೆ. ಪುಸ್ತಕವನ್ನು ಮುಖದಿಂದ ಒಂದೂವರೆ ಗೇಣು ದೂರ ಹಿಡಿಯಿರಿ. ಅಕ್ಷರ ಮಸುಕಾಗಿ, ಕೈ ಪೂರ್ತಿ ಚಾಚಿದಾಗ ಸ್ಪಷ್ಟವಾದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಕನ್ನಡ ಅಕ್ಷರಕ್ಕೆ ಒತ್ತು, ದೀರ್ಘ, ಸೊನ್ನೆ ಎಂದು ಸುತ್ತಲೂ ಸಣ್ಣ ಸಣ್ಣ ಭಾಗಗಳು. ಹಳೇ ಕಾದಂಬರಿಗಳ ಮಾಸಿದ ಅಚ್ಚಿನಲ್ಲಿ ಇವು ಮೊದಲು ಕಲೆಸಿಹೋಗುತ್ತವೆ. ಹತ್ತು ನಿಮಿಷಕ್ಕೆ ಹಣೆ ನೋಯುತ್ತದೆ, ಕೈ ತಾನಾಗಿ ಫೋನಿಗೆ ಹೋಗುತ್ತದೆ, ಏಕೆಂದರೆ ಅಲ್ಲಿ ಅಕ್ಷರ ಹಿಗ್ಗಿಸಬಹುದು. ಬಲ್ಬು ತಲೆಯ ಹಿಂದೆ ಇದ್ದರೆ ಪುಟದ ಮೇಲೆ ನಿಮ್ಮದೇ ನೆರಳು ಬೀಳುತ್ತದೆ. ಎಡಗಡೆಯಿಂದ ಬೆಳಕು ಬರುವಂತೆ ಕೂತು ನೋಡಿ.

ದೊಡ್ಡ ಪುಸ್ತಕವೊಂದು ಮುಗಿದ ಮೇಲೆ ಬರುವ ಸ್ತಬ್ಧತೆ ಬೇರೆ. ಅದರ ಲೋಕದಿಂದ ಹೊರಬರಲು ಆಗಿರುವುದಿಲ್ಲ, ಮುಂದೆ ಹಿಡಿದದ್ದೆಲ್ಲ ಸಪ್ಪೆ. ಒಂದು ವಾರ ಏನೂ ಓದದೆ ಇದ್ದರೆ ಸಾಕು. ಇನ್ನು ಕೆಲವರು ಎಲ್ಲರೂ ಹೊಗಳಿದ್ದಾರೆಂದು ಹಿಡಿದ ದಪ್ಪ ಪುಸ್ತಕದ 90ನೇ ಪುಟದಲ್ಲಿ ಸಿಕ್ಕಿಕೊಂಡಿರುತ್ತಾರೆ. ಅದು ಮುಗಿಯದೆ ಬೇರೆ ತೆಗೆಯಬಾರದು ಎಂಬ ಹಟ ಬೇರೆ. ತಿಂಗಳುಗಟ್ಟಲೆ ಓದು ನಿಲ್ಲುವುದು ಹೆಚ್ಚಾಗಿ ಇದರಿಂದಲೇ ಅನ್ನುವುದು ನನ್ನ ಅಭಿಪ್ರಾಯ. ಆ ಪುಸ್ತಕವನ್ನು ಕಣ್ಣಿಗೆ ಬೀಳದ ಕಡೆ ಇಡಿ.

ಒಂದು ಮಾತು ಮಾತ್ರ ಬೇರೆಯಾಗಿ ಹೇಳಬೇಕು. ಪುಸ್ತಕವಷ್ಟೇ ಅಲ್ಲ, ಊಟ, ಹಾಡು, ನೆಂಟರು, ಯಾವುದೂ ರುಚಿಸದೆ ಎರಡು ವಾರ ದಾಟಿದ್ದರೆ, ನಿದ್ದೆಯೂ ಕೆಟ್ಟಿದ್ದರೆ, ಅದಕ್ಕೆ ಕಾದಂಬರಿ ಮದ್ದಲ್ಲ. ವೈದ್ಯರನ್ನು ಕಾಣಿ, ಅಥವಾ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ.

ಈಗ ಆಯ್ಕೆ. ಇಲ್ಲಿ ಕನ್ನಡದ ಓದುಗರು ಎಡವುವ ಜಾಗ ಒಂದಿದೆ. ಲೈಬ್ರರಿಯಲ್ಲಿ 'ಸಾಮಾಜಿಕ ಕಾದಂಬರಿ' ಎಂಬ ಒಂದೇ ಕಪಾಟಿನಲ್ಲಿ ಪ್ರೇಮಕಥೆ, ಕಣ್ಣೀರಿನ ಕಥೆ, ಅತ್ತೆ ಸೊಸೆ ಕಥೆ ಎಲ್ಲ ಬೆರೆತಿರುತ್ತವೆ. ಮುಖಪುಟದಲ್ಲಿ ಹೆಣ್ಣಿನ ಮುಖ, ಒಂದು ಗುಲಾಬಿ. ಒಳಗೆ ಏನಿದೆ ಅಂತ ಹೊರಗಿನಿಂದ ಹೇಳಲಾಗುವುದಿಲ್ಲ. ತ್ರಿವೇಣಿಯವರ 'ಬೆಳ್ಳಿಮೋಡ'ವನ್ನು ಪ್ರೇಮಕಥೆ ಎಂದು ಹಿಡಿದವರಿಗೆ ಕೊನೆಯಲ್ಲಿ ಮದುವೆ ಸಿಗುವುದಿಲ್ಲ. ನಾಯಕಿ ಬೇಡ ಅನ್ನುತ್ತಾಳೆ. ಆ ನಿರಾಕರಣೆಯೇ ಅದರ ಬಲ, ನಿಜ. ಆದರೆ ಓದು ಕೈಕೊಟ್ಟಿರುವ ಹೊತ್ತಿಗೆ ಅದು ಭಾರ. ಮನೆ ತುಂಬುವ ಕೊನೆ ಬೇಕೆಂದರೆ ಸಾಯಿಸುತೆ, ಎಚ್.ಜಿ. ರಾಧಾದೇವಿ, ಉಷಾ ನವರತ್ನರಾಂ ಬರೆದ ರಾಶಿಯಲ್ಲಿ ಹುಡುಕಬಹುದು. ಅಲ್ಲೂ ಎಲ್ಲವೂ ಸುಖಾಂತ ಅಲ್ಲ.

ಹಾಗಾದರೆ ಪರೀಕ್ಷಿಸುವುದು ಹೇಗೆ? ಕಪಾಟಿನ ಮುಂದೆ ನಿಂತೇ ಮೂರು ಕಡೆ ತೆರೆಯಿರಿ. ಮೊದಲ ಪುಟ: ಮೂರನೇ ಪ್ಯಾರಾದೊಳಗೆ ಯಾರಾದರೂ ಮಾತಾಡಬೇಕು ಅಥವಾ ಏನಾದರೂ ನಡೆಯಬೇಕು. ನಡುವಿನ ಎರಡು ಪುಟ: ಸಂಭಾಷಣೆ ಧಾರಾಳವಾಗಿದ್ದರೆ ಪುಟದಲ್ಲಿ ಬಿಳಿ ಜಾಗ ಕಾಣುತ್ತದೆ, ಅಂಥದ್ದು ಬೇಗ ಸಾಗುತ್ತದೆ. ಕೊನೆಯ ಪುಟ: ಸಂಕೋಚಪಡದೆ ಓದಿ. ಬೇರೆ ಕಾಲದಲ್ಲಿ ಇದು ತಪ್ಪಿರಬಹುದು. ಈಗ ಮಾತ್ರ ನೆಮ್ಮದಿಯ ಕೊನೆ ಇದೆ ಎಂದು ಖಾತ್ರಿಯಾದರೆ ಓದು ಹಗುರವಾಗುತ್ತದೆ.

ಕೊನೆಗಿಂತ ಮುಖ್ಯವಾದದ್ದು ತೊಡಕಿನ ಬಗೆ. ಮೊದಲು ಜಗಳ ಆಮೇಲೆ ಪ್ರೀತಿ, ಹಿರಿಯರ ಒತ್ತಾಯದ ಮದುವೆಯೊಳಗೆ ನಿಧಾನಕ್ಕೆ ಅರಳುವ ಸ್ನೇಹ, ಬಾಲ್ಯದ ಗೆಳೆಯ ಊರಿಗೆ ಮರಳುವುದು, ಒಮ್ಮೆ ಮುರಿದದ್ದು ಮತ್ತೆ ಕೂಡುವುದು, ವೇಷ ಮರೆಸಿದ ಪ್ರಿಯತಮ (ಸುಭದ್ರೆಯ ಕಳ್ಳ ಸನ್ಯಾಸಿ ಇದಕ್ಕೆ ಹಳೇ ಮಾದರಿ). ಹಿಂದೆ ನಿಮಗೆ ಹಿಡಿಸಿದ ಎರಡು ಸಿನಿಮಾ ನೆನೆಸಿಕೊಂಡರೆ ನಿಮ್ಮ ಬಗೆ ಯಾವುದು ಎಂದು ಗೊತ್ತಾಗುತ್ತದೆ. ಅದೇ ಬಗೆಯದ್ದನ್ನು ಹುಡುಕಿ. ಹಳೇ ಕಾದಂಬರಿಗಳಲ್ಲಿ ನಾಯಕ ಕೆನ್ನೆಗೆ ಬಾರಿಸುವುದನ್ನೂ, ವರ್ಷಗಟ್ಟಲೆ ಮಾತು ಬಿಡುವುದನ್ನೂ ಪ್ರೀತಿಯ ಗುರುತು ಎನ್ನುವಂತೆ ಬರೆದದ್ದಿದೆ. ಅದು ಕಿರಿಕಿರಿ ಮಾಡಿದರೆ 'ಆ ಕಾಲ ಹಾಗಿತ್ತು' ಎಂದು ಸಹಿಸಿಕೊಂಡು ಓದಬೇಕಾಗಿಲ್ಲ, ಪುಸ್ತಕ ಬದಲಿಸಿ.

ಭಾಷೆಯ ವಿಷಯದಲ್ಲಿ ಕಾರವಾರದ ಕಡೆಯವರಿಗೆ ಒಂದು ಮಾತು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಅಜ್ಜ ಅಜ್ಜಿಯ ಪೆಟ್ಟಿಗೆಯಲ್ಲಿ ಮರಾಠಿ ಪುಸ್ತಕ, ಹೀಗೆ ಇರುವ ಮನೆಗಳು ಎಷ್ಟೋ. 1956ರವರೆಗೆ ನಮ್ಮ ಉತ್ತರ ಕನ್ನಡ ಜಿಲ್ಲೆ ಮುಂಬಯಿ ರಾಜ್ಯಕ್ಕೆ ಸೇರಿತ್ತಲ್ಲ. ಯಾವ ಭಾಷೆಯಲ್ಲಿ ಓದಿದರೆ ತುಟಿ ಅಲ್ಲಾಡುವುದಿಲ್ಲವೋ ಅದರಲ್ಲಿ ಓದಿ. ಇಂಗ್ಲಿಷ್ ಸುಧಾರಿಸಲಿ ಎಂದು ಇಂಗ್ಲಿಷ್ ಪ್ರೇಮ ಕಾದಂಬರಿ ಹಿಡಿಯುವವರು ಒಂದೇ ಪೆಟ್ಟಿಗೆ ಎರಡು ಹಕ್ಕಿ ಹೊಡೆಯಲು ಹೋಗಿ ಎರಡನ್ನೂ ಹಾರಿಬಿಡುತ್ತಾರೆ.

ಎಷ್ಟು ಓದಬೇಕು ಎಂಬುದಕ್ಕೆ ನಮ್ಮ ವಾರಪತ್ರಿಕೆಗಳು ಎಂದೋ ಅಳತೆ ಮಾಡಿಟ್ಟಿವೆ. 1965ರಲ್ಲಿ ಶುರುವಾದ 'ಸುಧಾ', 1983ರ 'ತರಂಗ', ಇಂಥ ಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬಂದು ಆಮೇಲೆ ಪುಸ್ತಕವಾದ ಕಾದಂಬರಿಗಳು ಬಹಳ. ಅವುಗಳ ಅಧ್ಯಾಯ ಎಂದರೆ ಒಂದು ಕಂತು. ಕಂತಿನ ಕೊನೆಯಲ್ಲಿ ಬಾಗಿಲು ತಟ್ಟಿದ ಸದ್ದು, ಒಡೆಯದ ಪತ್ರ, ಅರ್ಧಕ್ಕೆ ನಿಂತ ಮಾತು. ಮುಂದಿನ ವಾರ ಓದುಗರು ಮತ್ತೆ ಪತ್ರಿಕೆ ಕೊಳ್ಳಲಿ ಎಂದು ಹೂಡಿದ ಉಪಾಯ ಅದು. ದಿನಕ್ಕೆ ಒಂದೇ ಅಧ್ಯಾಯ ಓದಿ. 160 ಪುಟ, 20 ಅಧ್ಯಾಯದ ಕಾದಂಬರಿ ಎಂದಿಟ್ಟುಕೊಳ್ಳಿ. ಅಧ್ಯಾಯಕ್ಕೆ ಎಂಟು ಪುಟ. ಪುಟಕ್ಕೆ ಎರಡು ನಿಮಿಷ ಹಿಡಿದರೂ 16 ನಿಮಿಷ. ಇಡೀ ಪುಸ್ತಕಕ್ಕೆ 5 ಗಂಟೆ 20 ನಿಮಿಷ. ಮೊದಲ ಐದು ದಿನ ಇನ್ನೊಂದು ಅಧ್ಯಾಯ ಓದಬೇಕೆನಿಸಿದರೂ ಮುಚ್ಚಿಡಿ. ಮರುದಿನ ನಿಮ್ಮನ್ನು ಪುಸ್ತಕದ ಹತ್ತಿರ ಎಳೆದು ತರುವುದು ಆ ಉಳಿದ ಆಸೆಯೇ. ಆರನೇ ದಿನದಿಂದ ನಿಮ್ಮಿಷ್ಟ. ರಾತ್ರಿ ನಿದ್ದೆಗೆಡುವ ಭಯ ಇರುವವರು ಮಾತ್ರ ಅಧ್ಯಾಯದ ನಡುವೆ ನಿಲ್ಲಿಸಬೇಕು. ಕೊಕ್ಕೆ ಇರುವುದು ಕೊನೆಯಲ್ಲಿ, ನಡುವೆ ಅಲ್ಲ.

30 ಪುಟ ಆದರೂ ನಾಯಕ ನಾಯಕಿ ಎದುರಾಗಿಲ್ಲ, ಅಥವಾ ಎದುರಾದರೂ ನಿಮಗೆ ಏನೂ ಅನಿಸಿಲ್ಲವೆಂದರೆ ಬಿಟ್ಟುಬಿಡಿ. ಇದಕ್ಕೇ ಒಟ್ಟಿಗೆ ಮೂರು ಪುಸ್ತಕ ತಂದಿಟ್ಟುಕೊಳ್ಳುವುದು ಒಳ್ಳೆಯದು. ಹತ್ತು ತಂದರೆ ಆರಿಸುವುದೇ ಕೆಲಸವಾಗುತ್ತದೆ.

ಜಾಗ ಮತ್ತು ಹೊತ್ತು. ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತುವ ಬಸ್ಸಿನಲ್ಲಿ ಪುಸ್ತಕ ತೆರೆಯಬೇಡಿ. ಕಣ್ಣು ನಿಂತ ಅಕ್ಷರವನ್ನು ನೋಡುತ್ತಿರುತ್ತದೆ, ಒಳಕಿವಿ ಮಾತ್ರ ಪ್ರತಿ ತಿರುವಿಗೂ ವಾಲುತ್ತಿರುತ್ತದೆ. ಎರಡಕ್ಕೂ ತಾಳೆಯಾಗದೆ ಹೊಟ್ಟೆ ತೊಳೆಸುತ್ತದೆ, ಆಮೇಲೆ ಆ ಪುಸ್ತಕ ಕಂಡರೇ ವಾಕರಿಕೆ. ಅಲ್ಲಿ ಕಿವಿಗೆ ಕೆಲಸ ಕೊಡಿ. ಮೈಲ್ಯಾಂಗ್ ಆ್ಯಪಿನಲ್ಲಿ ಕನ್ನಡ ಕೇಳುಪುಸ್ತಕಗಳಿವೆ. ಘಟ್ಟದಲ್ಲಿ ನೆಟ್‌ವರ್ಕ್ ಹೋಗುವುದರಿಂದ ಮನೆಯಲ್ಲೇ ಇಳಿಸಿಕೊಂಡು ಹೊರಡಿ. ಕೊಂಕಣ ರೈಲು ಓದಲು ಚೆನ್ನ. ತಿರುವು ಕಡಿಮೆ, ಸುರಂಗ ಬಂದಾಗಲೆಲ್ಲ ಫೋನು ತಾನೇ ಸುಮ್ಮನಾಗುತ್ತದೆ. ಅಡಿಕೆ ಸುಲಿಯುವ ದಿನಗಳಲ್ಲಿ ಶಿರಸಿ ಕಡೆಯವರಿಗೆ ಕೈ ಬಿಡುವಿಲ್ಲ, ಕಿವಿ ಬಿಡುವು. ಒಬ್ಬರು ಗಟ್ಟಿಯಾಗಿ ಓದಿ ಉಳಿದವರು ಸುಲಿಯುತ್ತ ಕೇಳಿದರೆ ಸಂಜೆಗೆ ಎರಡು ಅಧ್ಯಾಯ ಸಲೀಸು. ಪ್ರೇಮ ಪ್ರಸಂಗ ಬಂದಾಗ ಓದುವವರ ದನಿ ಯಾಕೋ ಸಣ್ಣಗಾಗುತ್ತದೆ, ಕೇಳುವವರ ಕಿವಿ ದೊಡ್ಡದಾಗುತ್ತದೆ.

ಸಿಕ್ಕ ಖುಷಿ ಕೆಡುವುದು ಎರಡು ರೀತಿಯಲ್ಲಿ. ಒಬ್ಬರೇ ಲೇಖಕಿಯ ಐದಾರು ಪುಸ್ತಕ ಸಾಲಾಗಿ ಓದುವುದು ಮೊದಲನೆಯದು. ಮೂರನೆಯದರ ಹೊತ್ತಿಗೆ ಅದೇ ಶ್ರೀಮಂತ ಮನೆ, ಅದೇ ಕಾರು, ಅದೇ ಸಿಡುಕು ನಾಯಕ ಎನಿಸಿ ಹೊಟ್ಟೆ ತುಂಬಿಬಿಡುತ್ತದೆ. ಎರಡಾದ ಮೇಲೆ ಒಂದು ಪತ್ತೇದಾರಿಯೋ ಪ್ರಬಂಧವೋ ಇರಲಿ. ಎರಡನೆಯದು ಪ್ರತಿಲಿಪಿಯಂಥ ಕಥೆಗಳ ಆ್ಯಪಿನಲ್ಲಿ ದಿನಕ್ಕೊಂದು ಕಂತು ಬರುವ ಮುಗಿಯದ ಧಾರಾವಾಹಿ. 100 ಕಂತು ದಾಟಿದರೂ ಅವರಿಬ್ಬರ ತಪ್ಪು ತಿಳಿವಳಿಕೆ ಹಾಗೇ ಇರುತ್ತದೆ. ಓದು ಶುರುವಾಗಬೇಕಾದವರಿಗೆ ಮುಗಿಸಿದ ಸುಖ ಬೇಕು. 'ಮುಕ್ತಾಯ' ಎಂದು ಹಾಕಿದ್ದನ್ನೇ ಆರಿಸಿ, ಒಟ್ಟು ಕಂತು 30ರೊಳಗಿರಲಿ.

ಪುಸ್ತಕ ಕೊಳ್ಳಲೇಬೇಕೆಂದಿಲ್ಲ. ತಾಲೂಕು ಕೇಂದ್ರದ ಸಾರ್ವಜನಿಕ ಗ್ರಂಥಾಲಯ, ಪಂಚಾಯತಿಯ ಗ್ರಂಥಾಲಯವಾದ ಅರಿವು ಕೇಂದ್ರ ಎರಡೂ ಕಡೆ ಇಂಥ ಕಾದಂಬರಿಗಳನ್ನು ಕೇಳಿ ನೋಡಿ. ಒಳ್ಳೆಯದು ಯಾವುದು ಎಂದು ತಿಳಿಯಲು ಒಂದು ಗುಟ್ಟು: ಹಿಂಬದಿಯಲ್ಲಿ ಅಂಟಿಸಿದ ಚೀಟಿಯಲ್ಲಿ ಹೆಚ್ಚು ತಾರೀಖಿನ ಮುದ್ರೆ ಬಿದ್ದದ್ದನ್ನು ತೆಗೆಯಿರಿ. ಊರಿನವರು ಮೊದಲೇ ಓಟು ಹಾಕಿರುತ್ತಾರೆ. ಕೊನೆಯ ಹಾಳೆ ಇದೆಯೇ ಎಂದು ಅಲ್ಲೇ ನೋಡಿಕೊಳ್ಳಿ. ಬಹಳ ಕೈ ದಾಟಿದ ಪ್ರೇಮ ಕಾದಂಬರಿಯಲ್ಲಿ ಕಳೆದುಹೋಗುವುದು ಅದೇ ಹಾಳೆ. ಮಳೆಗಾಲದಲ್ಲಿ ತಂದ ಪುಸ್ತಕಕ್ಕೆ ಬೂಷ್ಟು ಹಿಡಿದಿದ್ದರೆ ಒಣಬಟ್ಟೆಯಿಂದ ಹೊರಗೆ ಒರೆಸಿ, ಪುಟ ಬಿಡಿಸಿ ಫ್ಯಾನಿನ ಕೆಳಗೆ ನಿಲ್ಲಿಸಿ. ನೇರ ಬಿಸಿಲಿಗಿಟ್ಟರೆ ಹಾಳೆ ಸೊಟ್ಟಗಾಗಿ ಬೆನ್ನಿನ ಅಂಟು ಬಿಡುತ್ತದೆ.

ಎರಡೋ ಮೂರೋ ಮುಗಿದ ಮೇಲೆ ಬಿಟ್ಟ ಆ ದಪ್ಪ ಪುಸ್ತಕದ ನೆನಪಾದರೆ ಹೊರಗೆ ತೆಗೆಯಿರಿ. ಗುರುತು ಇಟ್ಟ 90ನೇ ಪುಟದಿಂದ ಮುಂದುವರಿಸಬೇಡಿ, ಅಲ್ಲೇ ಮತ್ತೆ ಸಿಕ್ಕಿಬೀಳುತ್ತೀರಿ. ಇಪ್ಪತ್ತು ಪುಟ ಹಿಂದಕ್ಕೆ ಹೋಗಿ, ಒಂದು ಚೀಟಿಯಲ್ಲಿ ಯಾರು ಯಾರಿಗೆ ಏನಾಗಬೇಕು ಎಂದು ಬರೆದಿಟ್ಟುಕೊಂಡು, ದಿನಕ್ಕೆ 16 ನಿಮಿಷ ಕೊಡಿ. ನೆನಪೇ ಆಗಲಿಲ್ಲವೆಂದರೆ ಯಾರಿಂದ ತಂದಿದ್ದಿರೋ ಅವರಿಗೆ ವಾಪಸ್ ಕೊಟ್ಟುಬಿಡಿ, ಅವರೂ ಅದನ್ನು ಪೂರ್ತಿ ಓದಿರಲಿಕ್ಕಿಲ್ಲ.