ಗಾಳಿಪಟಕ್ಕೊಂದು ದಾರಿ, ಹಾಯಿಗೊಂದು ದಾರಿ: ಹುಡ್ ರಿವರ್‌ನಲ್ಲಿ ಹತ್ತು ದಿನ

ಜುಲೈನಲ್ಲಿ ನಾನೂ ತಮ್ಮನೂ ಅಮೆರಿಕದ ಹುಡ್ ರಿವರ್‌ಗೆ ಹೋಗಿ ಹತ್ತು ದಿನ ಇದ್ದೆವು. ನಾನು ವಿಂಡ್‌ಸರ್ಫಿಂಗ್ ಮಾಡುವವಳು, ಅಂದರೆ ಹಾಯಿ ಕಟ್ಟಿದ ಬೋರ್ಡ್ ಮೇಲೆ ನಿಂತು ಹೋಗುವುದು. ಅವನದು ಕೈಟ್‌ಸರ್ಫಿಂಗ್, ಬೋರ್ಡ್ ಮೇಲೆ ನಿಂತವನನ್ನು ದೊಡ್ಡ ಗಾಳಿಪಟ ಎಳೆಯುತ್ತದೆ. ಅಲ್ಲಿಗೆ ಹೊರಡುವವರು ಸಾಮಾನ್ಯವಾಗಿ ಕೇಳುವುದು ಎಷ್ಟು ದೊಡ್ಡ ಹಾಯಿ ಬೇಕು, ಎಂಥ ಬೋರ್ಡ್ ಬೇಕು ಅಂತ. ನಾನೂ ಅದನ್ನೇ ಕೇಳಿಕೊಂಡು ಹೋದೆ. ನೀರಿನ ಮೇಲೆ ಇಬ್ಬರು ಎದುರಾದಾಗ ಯಾರು ಯಾರಿಗೆ ದಾರಿ ಬಿಡಬೇಕು ಅನ್ನುವುದನ್ನು ಮಾತ್ರ ಯಾರನ್ನೂ ಸರಿಯಾಗಿ ಕೇಳಿರಲಿಲ್ಲ. ನಿಯಮ ಗೊತ್ತು ಅಂದುಕೊಂಡಿದ್ದೆ. ಮೂರನೇ ದಿನವೇ ಅದು ಸಾಲದು ಅಂತ ತಿಳಿಯಿತು.

ಮೊದಲು ಜಾಗದ ಬಗ್ಗೆ ಸ್ವಲ್ಪ. ಹುಡ್ ರಿವರ್ ಇರುವುದು ಆರೆಗನ್ ರಾಜ್ಯದಲ್ಲಿ, ಪೋರ್ಟ್‌ಲ್ಯಾಂಡ್‌ನಿಂದ ಪೂರ್ವಕ್ಕೆ ಸುಮಾರು 100 ಕಿ.ಮೀ. ಊರಿನ ಮುಂದೆ ಕೊಲಂಬಿಯಾ ನದಿ, ಆಚೆ ದಡ ವಾಷಿಂಗ್ಟನ್ ರಾಜ್ಯ. ಬೇಸಿಗೆಯಲ್ಲಿ ಪೂರ್ವದ ಒಣ ಬಯಲು ಚೆನ್ನಾಗಿ ಕಾಯುತ್ತದೆ. ಪಶ್ಚಿಮದಲ್ಲಿ ಪೆಸಿಫಿಕ್ ಸಮುದ್ರದ ತಂಪು ಗಾಳಿ. ನಡುವೆ ಬೆಟ್ಟಸಾಲು. ಆ ಬೆಟ್ಟಗಳನ್ನು ಕೊರೆದುಕೊಂಡು ಹೋಗುವ ದಾರಿ ಈ ನದಿಯದ್ದೇ, ಹಾಗಾಗಿ ಗಾಳಿ ಎಲ್ಲಾ ಇದರೊಳಗೇ ನುಗ್ಗುತ್ತದೆ. ಗಾಳಿ ಪೂರ್ವಕ್ಕೆ, ನೀರು ಪಶ್ಚಿಮಕ್ಕೆ. ಎರಡೂ ಎದುರುಬದುರು ಇರುವುದರಿಂದ ಅಲೆ ಚೆನ್ನಾಗಿ ಏಳುತ್ತದೆ. ಗಾಳಿ ನಿಮ್ಮನ್ನು ಪೂರ್ವಕ್ಕೆ ತಳ್ಳಿದರೆ ನೀರು ಒಂದಷ್ಟು ವಾಪಸ್ ತರುತ್ತದೆ.

ವಿಂಡ್‌ಸರ್ಫಿಂಗ್‌ನವರು ಹೆಚ್ಚಾಗಿ ಇಳಿಯುವ ಜಾಗಕ್ಕೆ ಇವೆಂಟ್ ಸೈಟ್ ಅಂತ ಹೆಸರು. ಅದರ ಪಶ್ಚಿಮಕ್ಕೆ ಹುಕ್ ಅಂತ ಒಂದು ಕೊಲ್ಲಿಯಂಥ ಜಾಗವಿದೆ. ಅಲ್ಲಿ ಅಲೆ ಕಡಿಮೆ, ಹೊಸಬರಿಗೆ ಒಳ್ಳೆಯದು. ಪೂರ್ವಕ್ಕೆ, ಹುಡ್ ಅನ್ನುವ ಚಿಕ್ಕ ನದಿ ಬಂದು ಸೇರುವಲ್ಲಿ ಮರಳಿನ ದಿಬ್ಬವಿದೆ, ಕೈಟ್‌ನವರ ಜಾಗ ಅದು. 2006ರ ನವೆಂಬರ್‌ನಲ್ಲಿ ಹುಡ್ ಪರ್ವತದ ಕಡೆಯಿಂದ ಮಣ್ಣು, ಕಲ್ಲು, ಮರ ಎಲ್ಲಾ ಪ್ರವಾಹದಲ್ಲಿ ಕೊಚ್ಚಿಕೊಂಡು ಬಂದಾಗ ಆ ದಿಬ್ಬ ಬಹಳ ಬೆಳೆಯಿತು. ಎರಡೂ ಗುಂಪು ಅಕ್ಕಪಕ್ಕ ಇಳಿದರೂ ನದಿಯ ನಡುವೆ ಎಲ್ಲರೂ ಬೆರೆತುಹೋಗುತ್ತಾರೆ. ದಡದಲ್ಲಿ ಹಾಕಿರುವ ಫಲಕವನ್ನು ಮೊದಲ ದಿನವೇ ನಿಂತು ಓದಿ. ಎಲ್ಲಿ ಇಳಿಯಬಹುದು, ಎಲ್ಲಿ ಇಳಿಯಬಾರದು ಅನ್ನುವುದು ಆಯಾ ಜಾಗಕ್ಕೆ ಬೇರೆ ಬೇರೆ ಇರುತ್ತದೆ.

ಈಗ ನಿಯಮ. ಹಾಯಿದೋಣಿಗಳಿಗೆ ಇರುವುದೇ ನಮಗೂ. 1972ರಲ್ಲಿ ಒಪ್ಪಿದ ಸಮುದ್ರ ಸಂಚಾರದ ಅಂತರರಾಷ್ಟ್ರೀಯ ನಿಯಮಗಳಿಂದ ಬಂದದ್ದು. ಎದುರುಬದುರು ಬರುವಾಗ ಬಲಗಡೆಯಿಂದ ಗಾಳಿ ಬೀಳುತ್ತಿರುವವನಿಗೆ ಹಕ್ಕು. ಎಡಗಡೆಯಿಂದ ಬೀಳುತ್ತಿರುವವನು ದಾರಿ ಬಿಡಬೇಕು. ಇವಕ್ಕೆ ಸ್ಟಾರ್‌ಬೋರ್ಡ್ ಟ್ಯಾಕ್, ಪೋರ್ಟ್ ಟ್ಯಾಕ್ ಅನ್ನುತ್ತಾರೆ. ನಿಮ್ಮ ಬಲಗೈ ಮುಂದಿದ್ದರೆ ಹಕ್ಕು ನಿಮ್ಮದು, ಅಷ್ಟು ನೆನಪಿಟ್ಟುಕೊಂಡರೆ ಸಾಕು. ಇಬ್ಬರೂ ಒಂದೇ ಕಡೆ ಹೋಗುತ್ತಿದ್ದರೆ ಗಾಳಿ ಬರುವ ಕಡೆ ಇರುವವನು ದೂರ ಸರಿಯಬೇಕು. ಹಿಂದಿನಿಂದ ಬಂದು ದಾಟುವವನು ಯಾರೇ ಆಗಲಿ, ಅವನೇ ಜಾಗ ಬಿಟ್ಟು ದಾಟಬೇಕು.

ಹುಡ್ ರಿವರ್‌ನಲ್ಲಿ ಇದು ಇನ್ನೂ ಸುಲಭ. ಗಾಳಿ ಪಶ್ಚಿಮದ್ದು. ಆರೆಗನ್ ದಡದಿಂದ ಆಚೆ ಹೋಗುವಾಗ ಗಾಳಿ ಎಡಗಡೆ, ನೀವು ದಾರಿ ಬಿಡುವವರು. ವಾಷಿಂಗ್ಟನ್ ಕಡೆಯಿಂದ ವಾಪಸ್ ಬರುವಾಗ ಗಾಳಿ ಬಲಗಡೆ, ಹಕ್ಕು ನಿಮ್ಮದು. ಆದರೆ ದಡದ ಹತ್ತಿರ ಪದ್ಧತಿ ಬೇರೆ. ಆಗ ತಾನೇ ನೀರಿಗೆ ಇಳಿಯುತ್ತಿರುವವನಿಗೆ ವೇಗ ಇರುವುದಿಲ್ಲ, ತಿರುಗುವುದೂ ಕಷ್ಟ. ಅದಕ್ಕೇ ಒಳಗೆ ಬರುವವರು ಅವನಿಗೆ ಜಾಗ ಬಿಡುತ್ತಾರೆ. ನಾನು ಬಲಗಡೆ ಗಾಳಿಯವಳು ಅಂತ ದಡದ ಬಳಿ ಹಟ ಹಿಡಿಯಬೇಡಿ.

ಮೂರನೇ ದಿನ ಆಗಿದ್ದು ಇಷ್ಟು. ಮಧ್ಯಾಹ್ನ, ಗಾಳಿ ಜೋರಾಗಿತ್ತು. ನಾನು ವಾಷಿಂಗ್ಟನ್ ಕಡೆಯಿಂದ ವಾಪಸ್ ಬರುತ್ತಿದ್ದೆ. ಎದುರಿಗೆ ಒಬ್ಬ ಕೈಟ್‌ನವನು ಬಂದ. ಹಕ್ಕು ನನ್ನದು, ಹಾಗಾಗಿ ದಿಕ್ಕು ಬದಲಿಸದೆ ಬಂದೆ. ಅದೂ ನಿಯಮವೇ. ಹಕ್ಕಿರುವವನು ಅತ್ತಿತ್ತ ಹೊರಳದೆ ನೇರ ಹೋದರೆ ತಾನೇ ಎದುರಿನವನಿಗೆ ಲೆಕ್ಕ ಸಿಗುವುದು? ಅವನು ನನ್ನನ್ನು ನೋಡಿದ, ಸರಿದ. ಆದರೆ ಸರಿದದ್ದು ನನ್ನ ಮೇಲ್ಗಡೆಗೆ, ಅಂದರೆ ಗಾಳಿ ಬರುವ ಕಡೆಗೆ. ನಮ್ಮಿಬ್ಬರ ನಡುವೆ ಹತ್ತು ಮೀಟರ್ ಇದ್ದಿರಬಹುದು. ಅವನ ಮಟ್ಟಿಗೆ ಅವನು ದಾರಿ ಬಿಟ್ಟಾಗಿತ್ತು. ಗಾಳಿಪಟ ಮಾತ್ರ ಕೆಳಗೇ ಇತ್ತು, ನನ್ನ ಮುಂದೆ, ನೀರಿನಿಂದ ಬಹಳ ಮೇಲೇನಲ್ಲ. ಅವನಿಂದ ಅಲ್ಲಿಯವರೆಗೆ ದಾರಗಳು ನನ್ನ ದಾರಿಗೆ ಅಡ್ಡ.

ಆ ದಾರ ಕಣ್ಣಿಗೆ ಕಾಣುವುದಿಲ್ಲ. ಬಿಸಿಲಿನಲ್ಲಿ ಒಂದು ಕ್ಷಣ ಮಿಂಚಿತು, ಅಷ್ಟೇ. ಹಾಯಿ ಹಿಡಿಯುವ ಅಡ್ಡಕೋಲನ್ನು (ಬೂಮ್) ಕೈಬಿಟ್ಟು ಹಿಂದಕ್ಕೆ ನೀರಿಗೆ ಬಿದ್ದೆ. ಹಾಯಿ ಪಕ್ಕದಲ್ಲಿ ಬಿತ್ತು. ತಲೆಯ ಮೇಲೆ ತಂತಿ ಮೀಟಿದ ಹಾಗೆ ಒಂದು ಗುಂಯ್ ಸದ್ದು ಹಾದುಹೋಯಿತು. ಮಾಸ್ಟ್, ಅಂದರೆ ಹಾಯಿಯ ಕಂಬ, ನೆಟ್ಟಗೆ ನಿಂತಿದ್ದರೆ ದಾರ ಅದಕ್ಕೇ ಸುತ್ತಿಕೊಳ್ಳುತ್ತಿತ್ತು. ಅವನು ಗಾಳಿಪಟ ಮೇಲಕ್ಕೆತ್ತಿ ನಿಂತು, ಏನೂ ಆಗಿಲ್ಲ ತಾನೇ ಅಂತ ಕೇಳಿದ. ಕೆಟ್ಟವನಲ್ಲ. ಅವನಿಗೆ ನನ್ನ ಮಾಸ್ಟ್ ಲೆಕ್ಕಕ್ಕೆ ಬಂದಿರಲಿಲ್ಲ, ನನಗೆ ಅವನ ದಾರ ಲೆಕ್ಕಕ್ಕೆ ಬಂದಿರಲಿಲ್ಲ.

ತಮ್ಮ ದಡದಿಂದ ಎಲ್ಲಾ ನೋಡಿದ್ದ. "ಅಕ್ಕಾ, ತಪ್ಪು ಅವನದ್ದೇ. ಆದ್ರೂ ಬಾ ಇಲ್ಲಿ, ಒಂದು ತೋರಿಸ್ತೀನಿ" ಅಂದ. ಮರಳಿನ ಮೇಲೆ ತನ್ನ ನಾಲ್ಕೂ ದಾರ ಉದ್ದಕ್ಕೆ ಬಿಡಿಸಿ ಹಾಕಿದ. ಒಟ್ಟು 24 ಮೀಟರ್. "ನಿನ್ನ ಮಾಸ್ಟ್ ತಗೊಂಡು ಅಳತೆ ಮಾಡು" ಅಂದ. ನನ್ನದು 4.3 ಮೀಟರ್. ಒಂದು ತುದಿಯಿಂದ ಮಲಗಿಸುತ್ತಾ ಹೋದೆ. ಐದು ಸಲ ಮಲಗಿಸಿದರೂ ದಾರ ಮುಗಿಯಲಿಲ್ಲ. ಇಷ್ಟು ವರ್ಷ ನಾನು ಕೈಟ್‌ನವರನ್ನು ನೋಡುವಾಗ ಬೋರ್ಡ್ ಮೇಲಿರುವ ಮನುಷ್ಯನನ್ನು ನೋಡುತ್ತಿದ್ದೆ, ಮೇಲಿರುವ ಗಾಳಿಪಟವನ್ನು ನೋಡುತ್ತಿದ್ದೆ. ನಡುವಿನದ್ದು ಖಾಲಿ ಜಾಗ ಅಂದುಕೊಂಡಿದ್ದೆ. ಅದು ಖಾಲಿ ಅಲ್ಲ, ಅವನದ್ದೇ ಜಾಗ.

ಅದಕ್ಕೇ ಕೈಟ್‌ನವರಿಗೆ ಮೇಲಿನ ನಿಯಮಗಳ ಜೊತೆ ಇನ್ನೊಂದಿದೆ. ಗಾಳಿ ಬರುವ ಕಡೆಯಿಂದ ದಾಟುವವನು ಗಾಳಿಪಟ ಮೇಲೆ ಎತ್ತಬೇಕು, ಗಾಳಿ ಹೋಗುವ ಕಡೆಯಿಂದ ದಾಟುವವನು ಕೆಳಗಿಳಿಸಬೇಕು. ಎರಡು ಗಾಳಿಪಟ ಎದುರಾದಾಗ ದಾರ ಸಿಕ್ಕಿಕೊಳ್ಳದಿರಲಿ ಅಂತ ಮಾಡಿದ್ದು ಇದು. ಹಾಯಿಗೂ ಇದೇ ಸರಿ. ಆದರೆ ನಾವಿಬ್ಬರೂ ಬೇರೆ ಬೇರೆ ಸಲ ದಾಟಿ ನೋಡಿದ ಮೇಲೆ ನನಗೆ ಖಚಿತವಾಗಿದ್ದು ಬೇರೆ. ಕೈಟ್ ಮತ್ತು ಹಾಯಿ ಎದುರಾದಾಗ ಆದಷ್ಟೂ ಹಾಯಿ ಗಾಳಿ ಬರುವ ಕಡೆ ಇರಲಿ, ಕೈಟ್ ಅದರ ಕೆಳಗಡೆಯಿಂದ, ಅಂದರೆ ಗಾಳಿ ಹೋಗುವ ಕಡೆಯಿಂದ ಹೋಗಲಿ. ಆಗ ದಾರ, ಗಾಳಿಪಟ ಎಲ್ಲಾ ಹಾಯಿಯಿಂದ ಆಚೆ ಕಡೆ ಇರುತ್ತವೆ. ಎಷ್ಟೇ ಗಾಳಿ ಜೋರಾದರೂ ತಾಗುವುದಿಲ್ಲ. ಕೈಟ್‌ನವನು ಮೇಲ್ಗಡೆಯಿಂದಲೇ ಹೋಗಬೇಕಾಗಿ ಬಂದರೆ ಗಾಳಿಪಟ ನೆತ್ತಿಯ ಮೇಲೆ ಇರಲಿ, ದೂರವೂ ಜಾಸ್ತಿ ಇರಲಿ. ಇದನ್ನು ತುಂಬಾ ಮುಂಚೆಯೇ ತೀರ್ಮಾನ ಮಾಡಿ, ಎದುರಿನವನಿಗೆ ಗೊತ್ತಾಗುವ ಹಾಗೆ ದಿಕ್ಕು ತಿರುಗಿಸಿ. ಹತ್ತಿರ ಬಂದ ಮೇಲೆ ಸ್ವಲ್ಪ ಸ್ವಲ್ಪ ಹೊರಳಿದರೆ ಯಾರಿಗೂ ಏನೂ ಅರ್ಥವಾಗುವುದಿಲ್ಲ. ಕೈ ತೋರಿಸಿ, ಕೂಗಿ. ಕೂಗುವುದಕ್ಕೆ ನಾಚಿಕೆ ಬೇಡ.

ಮಾರನೇ ದಿನ ನನ್ನ ಸರದಿ. ತಮ್ಮನನ್ನು ಹುಕ್‌ಗೆ ಕರೆದುಕೊಂಡು ಹೋಗಿ ನನ್ನ ಬೋರ್ಡ್ ಮೇಲೆ ನಿಲ್ಲಿಸಿದೆ. ಬಿದ್ದ. ಹಾಯಿ ಎತ್ತಲು ಒದ್ದಾಡಿದ. ಮತ್ತೆ ಬಿದ್ದ. "ಬಿದ್ದ ಮೇಲೆ ನಿನಗೆ ಅಲ್ಲಾಡೋಕೂ ಆಗಲ್ಲ ಅಲ್ವಾ" ಅಂದ. ಹೌದು. ನೀರಿನಲ್ಲಿ ಮಲಗಿರುವ ಹಾಯಿ ಅಲೆಗಳ ನಡುವೆ ಕಾಣುವುದೂ ಕಷ್ಟ. ಬಿದ್ದವನು ಎಲ್ಲೂ ಸರಿಯಲಾರ, ಹಾಗಾಗಿ ಅವನಿಂದ ಎಲ್ಲರೂ ದೂರ ಹೋಗಬೇಕು, ಹಕ್ಕಿನ ಮಾತೇ ಇಲ್ಲ. ಇನ್ನೊಂದನ್ನೂ ಅವನು ಗಮನಿಸಿದ. ಹಾಯಿ ಹಿಡಿದು ನಿಂತಾಗ ಅದರ ಆಚೆ ಬದಿ ಸರಿಯಾಗಿ ಕಾಣುವುದಿಲ್ಲ. ಪಾರದರ್ಶಕ ಭಾಗ ಇದ್ದರೂ ನೀರು ಹನಿದು ಮಂಜಾಗಿರುತ್ತದೆ. ವಿಂಡ್‌ಸರ್ಫರ್ ಜೈಬ್ ಮಾಡುವುದು ಅಂದರೆ ಗಾಳಿ ಹೋಗುವ ಕಡೆಗೇ ಅಗಲವಾಗಿ ತಿರುಗುವುದು, ಅಂದರೆ ಕಾಣದ ಕಡೆಗೇ. ತಿರುಗುವ ಮುಂಚೆ ಬಗ್ಗಿ ಹಾಯಿಯ ಕೆಳಗಿಂದ ಒಮ್ಮೆ ನೋಡುವುದು, ಹಿಂದಕ್ಕೂ ಒಮ್ಮೆ ನೋಡುವುದು ನನಗೀಗ ಅಭ್ಯಾಸವಾಗಿದೆ. ಕೈಟ್‌ನವರು ಹಾರುವಾಗಲೂ ಹೀಗೇ. ಹಾರಿದವನು ಗಾಳಿಯ ಜೊತೆ ಬಹಳ ದೂರ ಹೋಗಿ ಇಳಿಯುತ್ತಾನೆ. ಗಾಳಿ ಹೋಗುವ ಕಡೆ 50 ಮೀಟರ್ ಖಾಲಿ ಇಲ್ಲದಿದ್ದರೆ ಹಾರಬೇಡ ಅಂತ ತಮ್ಮನಿಗೆ ಕಲಿಸಿದವರು ಹೇಳಿದ್ದರಂತೆ.

ಗಾಳಿಪಟ ನೀರಿಗೆ ಬಿದ್ದಿದ್ದರೆ ಅದಕ್ಕೂ ಮನುಷ್ಯನಿಗೂ ನಡುವೆ ಯಾವತ್ತೂ ನುಗ್ಗಬೇಡಿ. ದಾರ ನೀರಿನ ಮಟ್ಟದಲ್ಲೇ ಇರುತ್ತದೆ, ನಿಮ್ಮ ಬೋರ್ಡಿನ ಅಡಿಯಲ್ಲಿರುವ ರೆಕ್ಕೆ (ಫಿನ್) ಹೋಗಿ ಸಿಕ್ಕಿಕೊಳ್ಳುತ್ತದೆ. ಇಬ್ಬರೂ ಸಿಕ್ಕಿಕೊಂಡೇಬಿಟ್ಟರೆ ಕೈಟ್‌ನವನು ಕೂಡಲೇ ಗಾಳಿಪಟದ ಎಳೆತ ಬಿಡಿಸುವ ಕ್ವಿಕ್ ರಿಲೀಸ್ ಎಳೆಯಬೇಕು. ನೀವು ದಾರವನ್ನು ಬರಿಗೈಲಿ ಹಿಡಿಯಬೇಡಿ, ಎಳೆತ ಬಂದರೆ ಬೆರಳು ಕತ್ತರಿಸುತ್ತದೆ. ಕೈಟ್‌ನವರು ಸೊಂಟಕ್ಕೆ ಕಟ್ಟುವ ಪಟ್ಟಿಯಲ್ಲಿ (ಹಾರ್ನೆಸ್) ಇಟ್ಟುಕೊಳ್ಳುವ ಕೊಕ್ಕೆಯಂಥ ಚಿಕ್ಕ ಚಾಕು ಇದೆಯಲ್ಲ, ಈಗ ನನ್ನ ಹಾರ್ನೆಸ್‌ನಲ್ಲೂ ಒಂದಿದೆ. ನೀವೂ ಇಟ್ಟುಕೊಳ್ಳಿ.

ದಡದ ವಿಷಯ ಜಾಸ್ತಿ ಇಲ್ಲ. ಹರಡಿದ ದಾರ ತುಳಿಯಬೇಡಿ, ಗಾಳಿಪಟ ಏಳುವ ಇಳಿಯುವ ಕಡೆ ಹಾಯಿ ಬಿಟ್ಟು ಹೋಗಬೇಡಿ. ಕೈಟ್‌ನವನು ನಿಮ್ಮನ್ನು ನೋಡಿ ತಲೆ ತಟ್ಟಿಕೊಂಡರೆ, ಗಾಳಿಪಟ ಇಳಿಸಬೇಕು, ಹಿಡಿದುಕೊಳ್ಳಿ ಅಂತ ಕೇಳುತ್ತಿದ್ದಾನೆ. ಹಿಡಿಯುವುದು ನಿಮಗೆ ಗೊತ್ತಿದ್ದರೆ ಮಾತ್ರ ಹೋಗಿ. ಗೊತ್ತಿಲ್ಲದಿದ್ದರೆ ತಲೆ ಆಡಿಸಿ ಇಲ್ಲ ಅನ್ನಿ. ಸುಮ್ನೆ ಹೋಗಿ ತಪ್ಪು ಕಡೆ ಹಿಡಿದರೆ ಇಬ್ಬರಿಗೂ ಅಪಾಯ.

ನಮ್ಮ ನಮ್ಮಲ್ಲಿನ ಹಕ್ಕಿನ ಮಾತು ಇಷ್ಟಾದರೆ, ನಮ್ಮೆಲ್ಲರಿಗಿಂತ ದೊಡ್ಡವರು ಆ ನದಿಯಲ್ಲಿದ್ದಾರೆ. ಮೊದಲನೆಯದು ಬಾರ್ಜ್‌ಗಳು, ಸರಕು ಸಾಗಿಸುವ ಚಪ್ಪಟೆ ತಳದ ದೊಡ್ಡ ದೋಣಿಗಳು. ಒಂದು ಟಗ್ ಬೋಟು ನಾಲ್ಕಾರು ಬಾರ್ಜ್‌ಗಳನ್ನು ಕಟ್ಟಿಕೊಂಡು ತಳ್ಳುತ್ತಾ ಬರುತ್ತದೆ. ಅದಕ್ಕೆ ಆಳವಿರುವ ದಾರಿಯೊಂದೇ ಗತಿ. ಬೇಗ ನಿಲ್ಲಲೂ ಆಗದು, ತಿರುಗಲೂ ಆಗದು. ಯಂತ್ರದ ದೋಣಿಯ ಎದುರು ಹಾಯಿ ಇದ್ದವರಿಗೆ ಹಕ್ಕು ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಇಕ್ಕಟ್ಟಾದ ದಾರಿಯಲ್ಲಿ ಇಂಥ ಹಡಗಿಗೆ ಸಣ್ಣವರು ಅಡ್ಡ ಬರಬಾರದು ಅಂತ ನಿಯಮದಲ್ಲೇ ಇದೆ. ಐದು ಸಲ ಚಿಕ್ಕದಾಗಿ ಹಾರ್ನ್ ಕೇಳಿದರೆ ಅದು ಅಪಾಯದ ಎಚ್ಚರಿಕೆ, ನಿಮಗೇ ಇರಬಹುದು. ಬಾರ್ಜ್ ದೂರದಲ್ಲಿ ಕಂಡಾಗಲೇ ದಡದ ಕಡೆ ತಿರುಗಿ. ಅದರ ಮುಂದೆ ದಾಟುವ ಆಟ ಬೇಡವೇ ಬೇಡ. ನಡುವೆ ಗಾಳಿ ಕೈಕೊಟ್ಟು ಗಾಳಿಪಟ ಬಿದ್ದರೆ ಏನು ಗತಿ?

ಎರಡನೆಯದು ಮೀನಿನ ಬಲೆ. ಯಾಕಮಾ, ಉಮಟಿಲ್ಲಾ, ವಾರ್ಮ್ ಸ್ಪ್ರಿಂಗ್ಸ್, ನೆಜ್ ಪರ್ಸ್ ಬುಡಕಟ್ಟುಗಳಿಗೆ ಇಲ್ಲಿ ಮೀನು ಹಿಡಿಯುವ ಹಕ್ಕು 1855ರ ಒಪ್ಪಂದಗಳಲ್ಲೇ ಉಳಿದಿದೆ. ಅವರು ಈ ನದಿಯಲ್ಲಿ ಮೀನು ಹಿಡಿಯುತ್ತಿದ್ದದ್ದು ಅದಕ್ಕೂ ಎಷ್ಟೋ ಹಿಂದಿನಿಂದ. ಬೇಸಿಗೆ ಮುಗಿಯುವ ಹೊತ್ತಿಗೆ ಹೋಗುವವರು ನೀರಿನ ಮೇಲೆ ಬಲೆಗೆ ಕಟ್ಟಿದ ತೇಲುಗುಂಡುಗಳು ಸಾಲಾಗಿ ಕಂಡರೆ ಸುತ್ತು ಹಾಕಿ ಹೋಗಿ. ನಾವು ಅಲ್ಲಿಗೆ ಆಡಲು ಹೋದವರು, ಅವರದು ಬದುಕು.

ಮರಳಿನ ದಿಬ್ಬದಿಂದ ಇನ್ನೂ ಪೂರ್ವಕ್ಕೆ ಸೇತುವೆ ಇದೆ. ಗಾಳಿ ನಿಮ್ಮನ್ನು ತಳ್ಳುವುದು ಆ ಕಡೆಗೇ. ಗಾಳಿಗೆ ಎದುರಾಗಿ ಏರಿ ಬರಲು ಇನ್ನೂ ಬರದಿದ್ದರೆ ಹುಕ್‌ನಲ್ಲಿ ಎರಡು ದಿನ ಜಾಸ್ತಿ ಇರಿ, ನಷ್ಟವಿಲ್ಲ.

ಸಾಮಾನಿನ ಮಾತಿಗೆ ಬಂದರೆ, ನಾನು 4.2 ಮತ್ತು 5.0 ಚದರ ಮೀಟರ್‌ನ ಹಾಯಿ ಒಯ್ದಿದ್ದೆ, ಚಿಕ್ಕದನ್ನೇ ಹೆಚ್ಚು ಹಾಕಿದೆ. ತಮ್ಮ 9 ಮತ್ತು 7 ಚದರ ಮೀಟರ್‌ನ ಗಾಳಿಪಟ ಒಯ್ದಿದ್ದ. ನೀರಿನ ಚಳಿ ತಡೆಯುವ ವೆಟ್‌ಸೂಟ್ ಜುಲೈನಲ್ಲೂ ಬೇಕು. ಶನಿವಾರ, ಭಾನುವಾರ ನೀರು ತುಂಬಿಹೋಗಿತ್ತು. ಆ ಎರಡು ದಿನ ನಾವು ಬೆಳಿಗ್ಗೆ ಬೇಗ ಇಳಿದು, ಜನ ಸೇರುವ ಹೊತ್ತಿಗೆ ಮೇಲೆ ಬರುತ್ತಿದ್ದೆವು.

ನೀರಿಗೆ ಇಳಿಯುವ ಮೊದಲು ಅರ್ಧ ಗಂಟೆ ದಿಬ್ಬದ ತುದಿಯಲ್ಲಿ ಕೂತು ನೋಡುವುದನ್ನು ಮಾತ್ರ ಬಿಡಬೇಡಿ. ಯಾರು ಎಲ್ಲಿ ತಿರುಗುತ್ತಾರೆ, ಹೊಸಬರು ಎಲ್ಲಿ ಬೀಳುತ್ತಿದ್ದಾರೆ, ಎಲ್ಲಿ ಹಾರುತ್ತಿದ್ದಾರೆ ಅಂತ ಗೊತ್ತಾಗಿಬಿಡುತ್ತದೆ. ಕೊನೆಯ ದಿನ ಹಾಗೆ ನೋಡಿಕೊಂಡು ಇಬ್ಬರೂ ಒಟ್ಟಿಗೆ ಇಳಿದೆವು. ನದಿಯ ನಡುವೆ ಎದುರಾದಾಗ ನಾನು ವಾಪಸ್ ಬರುತ್ತಿದ್ದೆ, ಅವನು ಆಚೆ ಹೋಗುತ್ತಿದ್ದ. ಇನ್ನೂ ನೂರು ಮೀಟರ್ ಇರುವಾಗಲೇ ಅವನು ಕೈ ಚಾಚಿ ಕೆಳಗಡೆ ತೋರಿಸಿದ, ದಿಕ್ಕು ತಿರುಗಿಸಿದ, ಗಾಳಿಪಟ ಇಳಿಸಿದ. ನಾನು ನೇರ ಬಂದೆ. ದಾರ ಈ ಸಲ ನನ್ನಿಂದ ಆಚೆ ಇತ್ತು. ದಾಟುವಾಗ "ಅಕ್ಕೋ" ಅಂತ ಕೂಗಿದ್ದು ಗಾಳಿಯಲ್ಲೂ ಕೇಳಿಸಿತು.