ಹೊಸ ರೀಫ್ ಟ್ಯಾಂಕಿನ ಕಂದು ಪಾಚಿ

ರೀಫ್ ಟ್ಯಾಂಕಿನಲ್ಲಿ, ಅಂದರೆ ಹವಳ ಸಾಕುವ ಉಪ್ಪುನೀರಿನ ಹೊಸ ಅಕ್ವೇರಿಯಂನಲ್ಲಿ, ಎರಡು-ಮೂರನೇ ವಾರ ಮರಳಿನ ಮೇಲೆ ಕಂದು ಪುಡಿ ಹರಡಿದರೆ ಅದು ಬಹುಪಾಲು ಡಯಾಟಮ್ ಎಂಬ ಏಕಕೋಶ ಪಾಚಿ. ಅದರ ಚಿಪ್ಪೇ ಸಿಲಿಕಾದ್ದು. ನೀರಿನ ಸಿಲಿಕೇಟ್ ಮುಗಿದರೆ ತಾನಾಗಿಯೇ ಇಳಿಯುತ್ತದೆ. ಔಷಧಿ ಬೇಡ. ವಾರಕ್ಕೊಮ್ಮೆ ಶೇ 10ರಷ್ಟು ನೀರು ಬದಲಿಸುವಾಗ ಸೈಫನ್‌ನಲ್ಲಿ ಪಾಚಿಯನ್ನೂ ಎಳೆದುಬಿಡಿ.

ಎರಡು ತಿಂಗಳಾದರೂ ಹೋಗದಿದ್ದರೆ ನೀರನ್ನೇ ಅನುಮಾನಿಸಿ. ನಮ್ಮ ಗ್ರಾನೈಟ್ ನೆಲದ ಬೋರ್‌ವೆಲ್ ನೀರಿನಲ್ಲಿ ಸಿಲಿಕಾ ಸಾಕಷ್ಟಿರುತ್ತದೆ. ಆರ್‌ಒ ಒಂದೇ ಸಾಲದು, ಅದರ ನಂತರ ಡಿಐ ರೆಸಿನ್ (ಉಳಿದ ಅಯಾನುಗಳನ್ನು ಹಿಡಿಯುವ ಸಣ್ಣ ಮಣಿಗಳು) ಬೇಕು. ರೆಸಿನ್ ಸವೆದಾಗ ಮೊದಲು ನುಸುಳುವುದೇ ಸಿಲಿಕಾ. ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಮಾತ್ರ ಇನ್ನೂ 0 ತೋರಿಸುತ್ತಿರುತ್ತದೆ!

ಪುಡಿಯ ಬದಲು ಗುಳ್ಳೆ ಹಿಡಿದ ಲೋಳೆ ಎಳೆಗಳು ಕಂಡರೆ ಡೈನೋಫ್ಲಾಜೆಲೇಟ್ ಎಂಬ ಬೇರೆ ಏಕಕೋಶ ಜೀವಿ ಇರಬಹುದು. ಗಾಬರಿಯಿಂದ ಜಿಎಫ್‌ಒ (ಫಾಸ್ಫೇಟ್ ಹೀರುವ ಕಬ್ಬಿಣದ ಆಕ್ಸೈಡ್ ಹರಳು) ತುಂಬಿ ಫಾಸ್ಫೇಟನ್ನು ಸೊನ್ನೆಗಿಳಿಸಿದವರ ಟ್ಯಾಂಕಿಗೇ ಇದು ಹೆಚ್ಚಾಗಿ ಬರುವುದು. ಆಗ ನೀರು ಬದಲಿಸುವುದನ್ನು ನಿಲ್ಲಿಸಿ, ನೈಟ್ರೇಟ್ 5 ಪಿಪಿಎಂ, ಫಾಸ್ಫೇಟ್ 0.05 ಪಿಪಿಎಂಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ.