ಮಲಗಿಸಿದವರು ಏಳಿಸಬೇಡವೇ?

"ಮಲಗ್ಲಿಕ್ಕೆ ಹೇಳಿದ್ದು ನೀವು. ಏಳ್ಲಿಕ್ಕೆ ಯಾರು ಹೇಳುದು ಮಾರಾಯ್ರೆ?"

ಸೋಮವಾರ ಬೆಳಿಗ್ಗೆ, ಮಂಗಳೂರಿನ ಕದ್ರಿ ಕಡೆಯ ಒಂದು ಹಾಲ್‌. ಹಿರಿಯರ ಯೋಗ ತರಗತಿ, ಶವಾಸನ ಮುಗಿದ ಹೊತ್ತು. ಕೇಳಿದವರು ಎಪ್ಪತ್ತು ದಾಟಿದ ಒಬ್ಬರು ಅಮ್ಮ. ಎಲ್ಲರೂ ನಕ್ಕರು. ಟೀಚರೂ ನಗುತ್ತಾ ಬಂದು ಅವರ ಎರಡೂ ಕೈ ಹಿಡಿದು ಎಳೆದು ಕೂರಿಸಿದರು. ಅಮ್ಮನ ಮುಖ ಬಿಳುಚಿತು, ಗೋಡೆ ಹಿಡಿದರು. ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಪತಂಜಲಿಯ "ಸ್ಥಿರಸುಖಮಾಸನಮ್", ಆಸನ ಸ್ಥಿರವಾಗಿ ಸುಖವಾಗಿ ಇರಬೇಕು ಎಂದು.

ಟೀಚರ್ ಒಳ್ಳೆಯ ಹುಡುಗ. ಸೂರ್ಯನಮಸ್ಕಾರದ 12 ಹಂತವೂ ಅವರಿಗೆ ನೀರು ಕುಡಿದ ಹಾಗೆ. ಅದೇ ತೊಂದರೆ. ನೆಲದಿಂದ ಏಳುವುದು ಒಂದು ಕೆಲಸ ಎಂದು ಆ ಮೈಗೆ ಗೊತ್ತೇ ಇಲ್ಲ.

ಕೈ ಹಿಡಿದು ಎಳೆದರೆ ಭಾರವೆಲ್ಲ ಭುಜದ ಕೀಲಿಗೆ. ಮಲಗಿದಲ್ಲಿಂದ ನೇರ ಎದ್ದು ಕೂತರೆ ಬೆನ್ನು ಮುಂದಕ್ಕೆ ಬಾಗಿ ಒತ್ತಡ ಬೀಳುತ್ತದೆ. ಮೂಳೆ ಸವೆದವರ ಬೆನ್ನುಮೂಳೆಗೆ ಅದು ಆಗುವುದಿಲ್ಲ. ಗಬಕ್ಕನೆ ಎದ್ದರೆ ಬಿಪಿ ಇಳಿದು ತಲೆ ತಿರುಗುತ್ತದೆ, ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೂ ಬೇಗ.

ಮಾಡಬೇಕಾದ್ದು ಇಷ್ಟೆ. ಮೊದಲು ಎರಡೂ ಮಂಡಿ ಮಡಚಿ, ಪಾದ ನೆಲಕ್ಕೂರಿ, ಮೈಯನ್ನೆಲ್ಲ ಒಟ್ಟಿಗೆ ಒಂದು ಬದಿಗೆ ಹೊರಳಿಸುವುದು. ಬಲಕ್ಕೆ ಎನ್ನುವುದು ರೂಢಿ. ಬಲ ಭುಜ ನೋಯುವವರು ಎಡಕ್ಕೆ ಹೊರಳಿದರೆ ಯೋಗಕ್ಕೇನೂ ಭಂಗವಿಲ್ಲ. ಅಲ್ಲೇ ಐದಾರು ಉಸಿರು. ನಾಲ್ಕು ಎಣಿಸಿ ಒಳಗೆ, ಆರು ಎಣಿಸಿ ಹೊರಗೆ, ನಡುವೆ ಕಟ್ಟಬಾರದು. ಉದ್ದ ನಿಶ್ವಾಸಕ್ಕೆ ಎದೆಬಡಿತ ತಣ್ಣಗಾಗುತ್ತದೆ. ಆಮೇಲೆ ಮೇಲಿನ ಕೈಯನ್ನು ಎದೆಯ ಮುಂದೆ ಊರಿ, ಉಸಿರು ಬಿಡುತ್ತಾ ನೆಲವನ್ನು ತಳ್ಳಿ ಕೂರುವುದು. ತಲೆ ಕೊನೆಗೆ ಬರಬೇಕು. ತಲೆ ಮೊದಲು ಎತ್ತಿದರೆ ಕುತ್ತಿಗೆ ಹಿಡಿಯುತ್ತದೆ.

ನಿಲ್ಲಲಿಕ್ಕೆ ಕುರ್ಚಿ ಬೇಕು, ಗೋಡೆಗೆ ತಾಗಿಸಿ ಇಟ್ಟದ್ದು. ಮಂಡಿಯಡಿ ನಾಲ್ಕು ಮಡಿಕೆಯ ಕಂಬಳಿ. ಅಂಬೆಗಾಲಲ್ಲಿ ಕುರ್ಚಿಯ ಹತ್ತಿರ ಬಂದು, ಎರಡೂ ಮುಂಗೈ ಸೀಟಿನ ಮೇಲಿಟ್ಟು, ಗಟ್ಟಿ ಇರುವ ಕಾಲಿನ ಪಾದವನ್ನು ಮುಂದೆ ಊರಿ, ಕೈ ಕಾಲು ಎರಡರಲ್ಲೂ ತಳ್ಳಿ, ತಿರುಗಿ ಕುರ್ಚಿಯಲ್ಲಿ ಕೂರುವುದು. ಕೂತು ಒಂದು ನಿಮಿಷ. ಆಮೇಲೆ ನಿಲ್ಲುವುದು. ಮಂಡಿ ಊರಲಾಗದವರು, ಮಂಡಿ ಬದಲಿಸಿಕೊಂಡವರು ನೆಲಕ್ಕೆ ಇಳಿಯುವುದೇ ಬೇಡ. ಮಂಚದ ಮೇಲೆ ಶವಾಸನ ಮಾಡಿದರೂ ಅದು ಶವಾಸನವೇ. ಇದನ್ನೆಲ್ಲ ಮೊದಲ ದಿನವೇ, ಮಲಗಿಸುವ ಮೊದಲೇ ಕಲಿಸಬೇಕು.

"ಏಳ್ಲಿಕ್ಕೆ ಯಾರು ಹೇಳುದು?" ಹಿಂದೆ ಯಾರೂ ಹೇಳಬೇಕಾಗಿರಲಿಲ್ಲ. ಮೆಟ್ಟುಕತ್ತಿಯ ಮೇಲೆ ಕೂತು ತರಕಾರಿ ಹೆಚ್ಚಿ, ಕಡೆಯುವ ಕಲ್ಲಿನ ಮುಂದೆ ಕೂತು ಮಸಾಲೆ ಕಡೆದು, ಮಣೆಯಲ್ಲಿ ಕೂತು ಗಂಜಿ ಉಂಡವರು ದಿನಕ್ಕೆ ಹತ್ತಿಪ್ಪತ್ತು ಸಲ ನೆಲದಿಂದ ಏಳುತ್ತಿದ್ದರು. ಫ್ಲ್ಯಾಟಿನಲ್ಲಿ ಕಟ್ಟೆ, ಮೇಜು, ಸೋಫಾ. ನೆಲದ ಬಳಕೆಯೇ ತಪ್ಪಿತು. ಅದರ ಲೆಕ್ಕ ಸಿಗುವುದು ಮಳೆಗಾಲದ ಒಂದು ರಾತ್ರಿ, ಬಚ್ಚಲಿನ ಒದ್ದೆ ಟೈಲ್ಸ್ ಮೇಲೆ. ಮೂಳೆ ಮುರಿದಿರುವುದಿಲ್ಲ, ಆದರೂ ಏಳಲಾಗದೆ ಬೆಳಗಾಗುವವರೆಗೆ ಬಿದ್ದಿರುವವರಿದ್ದಾರೆ. ಮಕ್ಕಳು ದುಬೈಯಲ್ಲಿ. ಇಂಥವರಿಗೆ ಮಂಡಿಗೆ ಹಣೆ ತಾಗಿಸುವ ಪಶ್ಚಿಮೋತ್ತಾನಾಸನ ಯಾಕೆ ಬೇಕು, ಹೇಳಿ. ಕೈ ಊರದೆ ಕುರ್ಚಿಯಿಂದ ಎದ್ದು ಕೂರುವುದನ್ನು ದಿನಕ್ಕೆ ಐದು ಸಲ, ಏಳುವಾಗ ಉಸಿರು ಬಿಡುತ್ತಾ ಮಾಡಿಸಿದರೆ ತೊಡೆಗೆ ಬಲ ಬಂದೀತು.

ಬುಧವಾರ ಗೋಡೆಯ ಬದಿಯಲ್ಲಿ ಎರಡು ಕುರ್ಚಿ ಕಂಡವು. ಹುಡುಗ ಕೇಳಿಸಿಕೊಂಡಿದ್ದಾರೆ. ಅಮ್ಮ ಹೋಗಿ ಒಂದನ್ನು ಅಲ್ಲಾಡಿಸಿ ನೋಡಿದರು. ಪ್ಲಾಸ್ಟಿಕ್‌ನದ್ದು, ನುಣ್ಣನೆ ನೆಲದಲ್ಲಿ ಸರ್ರನೆ ಜಾರಿತು.

"ಇದು ನನ್ನಿಂದ ಮೊದಲು ಬೀಳ್ತದೆ," ಎಂದರು. ಟೀಚರ್ ಮರದ ಕುರ್ಚಿ ಹುಡುಕಿಕೊಂಡು ಒಳಗೆ ಹೋದರು.